ದೊಡ್ಡ ಟಿವಿ ಕೊಳ್ಳುವ ಮುನ್ನ: ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿಗಳಲ್ಲಿ ನಿಮ್ಮ ಮನೆಗೆ ಯಾವುದು?

ದಸರೆ, ದೀಪಾವಳಿಯ ಮಾರಾಟ ಹತ್ತಿರವಾದಾಗಲೆಲ್ಲ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: “55 ಇಂಚಿನ ಟಿವಿ ತೆಗೆದುಕೊಳ್ಳಬೇಕು ಅಂದುಕೊಂಡಿದ್ದೇವೆ, ಯಾವುದು ಒಳ್ಳೆಯದು?” ಇದಕ್ಕೆ ಒಂದು ಕಂಪನಿಯ ಹೆಸರನ್ನೋ ಮಾದರಿಯ ಸಂಖ್ಯೆಯನ್ನೋ ಹೇಳಿ ಮುಗಿಸಬಹುದು, ಆದರೆ ಆ ಉತ್ತರ ಮುಂದಿನ ಹಬ್ಬದ ಹೊತ್ತಿಗೆ ಹಳತಾಗಿರುತ್ತದೆ, ಮೇಲಾಗಿ ಪಕ್ಕದ ಮನೆಗೆ ಒಪ್ಪಿದ ಟಿವಿ ನಿಮ್ಮ ಮನೆಗೂ ಒಪ್ಪಬೇಕೆಂದಿಲ್ಲ. ಯಾವ ಬಗೆಯ ಟಿವಿ ಬೇಕು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಹಾಲಿನ ಉದ್ದಗಲ, ಅಲ್ಲಿಗೆ ಬೀಳುವ ಬೆಳಕು ಮತ್ತು ನಿಮ್ಮ ಮನೆಯವರು ನಿಜವಾಗಿ ಏನನ್ನು ನೋಡುತ್ತಾರೆ ಎಂಬ ಮೂರು ಸಂಗತಿಗಳು. ಇವು ಮೂರೂ ಮನೆಯಲ್ಲೇ ಗೊತ್ತಾಗುವಂಥವು. ಆದ್ದರಿಂದ ಅಂಗಡಿಗೆ ಹೋಗುವುದನ್ನು ಈ ಲೇಖನದಲ್ಲಿ ಕೊನೆಯ ಹಂತಗಳಿಗೆ ಇಟ್ಟಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ಅಳತೆ ಟೇಪು, ಕೆಲವು ಹಳೆಯ ದಿನಪತ್ರಿಕೆಗಳು, ಅಂಟಿಸಲು ಟೇಪು, ಒಂದು ಪೆನ್‌ಡ್ರೈವ್, ಮತ್ತು ಒಂದು ವಾರದ ತಾಳ್ಮೆ.

ಹಂತ 1: ಗೋಡೆಯನ್ನೂ ಕೂರುವ ದೂರವನ್ನೂ ಅಳೆಯಿರಿ

ಟಿವಿಯ ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆದ ಉದ್ದವೇ ಹೊರತು ಅಗಲವಲ್ಲ. 55 ಇಂಚಿನ ಪರದೆ ಸುಮಾರು 122 ಸೆಂಟಿಮೀಟರ್ ಅಗಲ, 68 ಸೆಂಟಿಮೀಟರ್ ಎತ್ತರ ಇರುತ್ತದೆ. 65 ಇಂಚಿನದು 144 ಮತ್ತು 81. 75 ಇಂಚಿನದು 166 ಮತ್ತು 93. ಅಂಚುಪಟ್ಟಿಗೆಂದು ಇದಕ್ಕೆ ಒಂದೆರಡು ಸೆಂಟಿಮೀಟರ್ ಸೇರಿಸಿಕೊಳ್ಳಿ. ಪತ್ರಿಕೆಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಈ ಅಳತೆಗೆ ಕತ್ತರಿಸಿ, ಟಿವಿ ಬರಬೇಕಾದ ಜಾಗದಲ್ಲಿ ಗೋಡೆಗೆ ಹಚ್ಚಿ, ಎರಡು ದಿನ ಹಾಗೆಯೇ ಬಿಡಿ. ಬಾಗಿಲು ತೆರೆದಾಗ ತಾಗುತ್ತದೆಯೇ, ದೇವರ ಕೋಣೆಯ ಬಾಗಿಲಿಗೆ ಅಡ್ಡ ಬರುತ್ತದೆಯೇ, ಸ್ವಿಚ್‌ಬೋರ್ಡ್ ಮುಚ್ಚಿಹೋಗುತ್ತದೆಯೇ ಎಂಬುದೆಲ್ಲ ಆ ಎರಡು ದಿನಗಳಲ್ಲಿ ತಾನಾಗಿಯೇ ಗೊತ್ತಾಗುತ್ತದೆ.

ಇನ್ನು ದೂರ. ಸೋಫಾದಲ್ಲಿ ಒರಗಿ ಕೂತಾಗ ನಿಮ್ಮ ಕಣ್ಣಿನಿಂದ ಗೋಡೆಯವರೆಗೆ ಅಳೆಯಿರಿ. ಪರದೆಯ ಓರೆ ಅಳತೆಯ 1.2 ಪಟ್ಟಿನಿಂದ 1.6 ಪಟ್ಟು ದೂರದಲ್ಲಿ ಕೂತರೆ ಚಿತ್ರ ಕಣ್ತುಂಬ ಕಾಣುತ್ತದೆ ಎಂಬುದು ಸಿನಿಮಾ ಕ್ಷೇತ್ರದವರು ಬಹಳ ಕಾಲದಿಂದ ಬಳಸುತ್ತ ಬಂದ ಲೆಕ್ಕ. ಅದರಂತೆ 55 ಇಂಚಿಗೆ ಐದೂವರೆಯಿಂದ ಏಳೂಕಾಲು ಅಡಿ, 65 ಇಂಚಿಗೆ ಆರೂವರೆಯಿಂದ ಎಂಟೂಮುಕ್ಕಾಲು ಅಡಿ, 75 ಇಂಚಿಗೆ ಏಳೂವರೆಯಿಂದ ಹತ್ತು ಅಡಿ ಸರಿಹೋಗುತ್ತದೆ. ಆದರೆ ಈ ಲೆಕ್ಕ ಒಳ್ಳೆಯ ಗುಣಮಟ್ಟದ ಚಿತ್ರಕ್ಕೆ ಅನ್ವಯಿಸುವಂಥದ್ದು. ಮನೆಯಲ್ಲಿ ನೋಡುವುದೆಲ್ಲ ಸಾಮಾನ್ಯ ಕೇಬಲ್ ವಾಹಿನಿಗಳೇ ಆಗಿದ್ದರೆ ಇನ್ನೂ ಎರಡು ಮೂರು ಅಡಿ ಹಿಂದೆ ಕೂರಬೇಕು, ಇಲ್ಲವೇ ಒಂದು ಅಳತೆ ಚಿಕ್ಕದನ್ನು ಆರಿಸಬೇಕು. ಹತ್ತಡಿ ಅಗಲದ ಹಾಲಿನಲ್ಲಿ ಗೋಡೆ ತುಂಬುವಂತೆ 75 ಇಂಚು ಹಾಕಿ ಮಸುಕು ಚಿತ್ರ ನೋಡುವುದಕ್ಕಿಂತ, ಅದೇ ಹಣಕ್ಕೆ ಸಿಗುವ ಉತ್ತಮ ದರ್ಜೆಯ 55 ಇಂಚಿನ ಟಿವಿ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಚ್ಚರಿಕೆ: ಹಳೆಯ ಮನೆಗಳಲ್ಲಿ ಟಿವಿಗೆಂದೇ ಕಟ್ಟಿಸಿದ ಶೋಕೇಸ್ ಇರುತ್ತದೆ. ಅದರ ಒಳ ಅಗಲ ಸಾಲುತ್ತದೆಯೇ ಎಂದಷ್ಟೇ ನೋಡದೆ, ಗಾಳಿಯಾಡಲು ಸುತ್ತಲೂ ಕೆಲವು ಇಂಚು ಜಾಗ ಉಳಿಯುತ್ತದೆಯೇ ಎಂದೂ ನೋಡಿ. ಮೇಜಿನ ಮೇಲೆ ಇಡುವವರು ಕಾಲುಗಳ ನಡುವಿನ ಅಂತರವನ್ನು ವಿಚಾರಿಸಬೇಕು. ಇತ್ತೀಚಿನ ಹಲವು ಟಿವಿಗಳಿಗೆ ನಡುವೆ ಒಂದೇ ಪೀಠವಿರುವುದಿಲ್ಲ. ಎರಡು ತುದಿಗಳಲ್ಲಿ ಎರಡು ಕಾಲು ಇರುತ್ತವೆ, ಮೂರೂವರೆ ಅಡಿಯ ಮೇಜಿನ ಮೇಲೆ ಅವು ನಿಲ್ಲುವುದಿಲ್ಲ.

ಹಂತ 2: ಹಾಲಿನ ಬೆಳಕನ್ನು ಗಮನಿಸಿ

ಟಿವಿ ಬರುವ ಗೋಡೆಯ ಎದುರಿಗೆ ಕಿಟಕಿ ಇದೆಯೇ, ಅದು ಯಾವ ದಿಕ್ಕಿಗಿದೆ, ಮನೆಯವರು ಟಿವಿ ಹಾಕುವ ಹೊತ್ತಿನಲ್ಲಿ ಅಲ್ಲಿಂದ ಎಷ್ಟು ಬೆಳಕು ಬರುತ್ತದೆ ಎಂಬುದನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ನೋಡಿ ಬರೆದಿಟ್ಟುಕೊಳ್ಳಿ. ನಾವು ಮೊದಲ ಬಾರಿ ದೊಡ್ಡ ಟಿವಿ ತಂದಾಗ ಇದನ್ನು ನೋಡಿರಲಿಲ್ಲ. ಬೆಳಗಿನ ವಾರ್ತೆಯ ಹೊತ್ತಿಗೆ ಪರದೆಯ ಮೇಲೆ ವಾಚಕರ ಮುಖಕ್ಕಿಂತ ಎದುರು ಕಿಟಕಿಯಾಚೆಯ ತೆಂಗಿನ ಮರವೇ ಸ್ಪಷ್ಟವಾಗಿ ಕಾಣುತ್ತಿತ್ತು. ಹಗಲಿನಲ್ಲಿ ಹೆಚ್ಚು ನೋಡುವ ಮನೆಗೆ ಪರದೆಯ ಗರಿಷ್ಠ ಹೊಳಪು ಮುಖ್ಯ. ಕಿಟಕಿಯ ಪರದೆ ಎಳೆದು ರಾತ್ರಿ ಮಾತ್ರ ಸಿನಿಮಾ ನೋಡುವ ಮನೆಗೆ ಹೊಳಪಿಗಿಂತ ಕಪ್ಪು ಎಷ್ಟು ಕಪ್ಪಾಗಿ ಕಾಣುತ್ತದೆ ಎಂಬುದು ಮುಖ್ಯ. ನಾಲ್ಕನೆಯ ಹಂತದ ತೀರ್ಮಾನ ಬಹುಮಟ್ಟಿಗೆ ಈ ಒಂದು ಟಿಪ್ಪಣಿಯ ಮೇಲೆ ನಿಲ್ಲುತ್ತದೆ.

ಕೂರುವ ಜಾಗಗಳನ್ನೂ ಗುರುತು ಮಾಡಿಕೊಳ್ಳಿ. ಎಲ್ಲರೂ ಎದುರಿಗೇ ಕೂರುತ್ತೀರಾ, ಅಥವಾ ಅಜ್ಜಿಯ ದಿವಾನ ಒಂದು ಪಕ್ಕದಲ್ಲಿದ್ದು ಅವರು ಓರೆಯಿಂದ ನೋಡಬೇಕಾಗುತ್ತದೆಯೇ? ಕೆಲವು ಬಗೆಯ ಪರದೆಗಳಲ್ಲಿ ಓರೆಯಿಂದ ನೋಡಿದರೆ ಬಣ್ಣ ತೆಳುವಾಗಿ ಕಾಣುತ್ತದೆ.

ಹಂತ 3: ಒಂದು ವಾರ ಏನೇನು ನೋಡುತ್ತೀರಿ ಎಂದು ಬರೆದಿಡಿ

ಇದನ್ನು ಬಹುತೇಕರು ಮಾಡುವುದೇ ಇಲ್ಲ. ಕೇಳಿದರೆ “ಸಿನಿಮಾ, ಕ್ರಿಕೆಟ್” ಎನ್ನುತ್ತಾರೆ. ಬರೆದು ನೋಡಿದರೆ ದಿನಕ್ಕೆ ಎರಡು ಗಂಟೆ ವಾರ್ತೆ, ಎರಡೂವರೆ ಗಂಟೆ ಧಾರಾವಾಹಿ, ಮಕ್ಕಳ ಯೂಟ್ಯೂಬ್ ಒಂದು ಗಂಟೆ, ಸಿನಿಮಾ ವಾರಕ್ಕೊಂದು ಎಂದಿರುತ್ತದೆ. ವಾರ್ತಾವಾಹಿನಿ ಇಷ್ಟೊಂದು ಹೊತ್ತು ಓಡುತ್ತದೆ ಎಂಬ ಸಂಗತಿಗೆ ಟಿವಿಯ ಬಗೆಯನ್ನು ಆರಿಸುವಲ್ಲಿ ಎಷ್ಟು ಬೆಲೆಯಿದೆ ಎಂಬುದು ಮುಂದೆ ಗೊತ್ತಾಗುತ್ತದೆ.

ಚಿತ್ರ ಎಲ್ಲಿಂದ ಬರುತ್ತಿದೆ ಎಂಬುದನ್ನೂ ಬರೆಯಿರಿ. 4ಕೆ ಟಿವಿಯ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಅಂದರೆ ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ; ಈ ಚುಕ್ಕಿಗಳನ್ನೇ ಪಿಕ್ಸೆಲ್ ಎನ್ನುವುದು. ಪೂರ್ಣ ಎಚ್‌ಡಿಯಲ್ಲಿ ಇದರ ಕಾಲು ಭಾಗ, ಸುಮಾರು 21 ಲಕ್ಷ. ಎಸ್‌ಡಿ ಎನ್ನುವ ಸಾಮಾನ್ಯ ವಾಹಿನಿಯ ಚಿತ್ರದಲ್ಲಿ ಇರುವುದು 720ಕ್ಕೆ 576, ಅಂದರೆ ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿಗಳು ಮಾತ್ರ. ಆ ನಾಲ್ಕು ಲಕ್ಷವನ್ನು 83 ಲಕ್ಷದ ಜಾಗಕ್ಕೆ ಹಿಗ್ಗಿಸುವಾಗ ಉಳಿದುದನ್ನು ಟಿವಿಯೇ ಊಹಿಸಿ ತುಂಬಬೇಕು. “ಹೊಸ ಟಿವಿಯಲ್ಲಿ ಹಳೆಯದಕ್ಕಿಂತ ಮಸುಕಾಗಿ ಕಾಣುತ್ತದೆ” ಎಂಬ ದೂರಿನ ಮೂಲ ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಕನ್ನಡದ ಮುಖ್ಯ ಮನರಂಜನಾ ವಾಹಿನಿಗಳು ಎಚ್‌ಡಿಯಲ್ಲಿ ಲಭ್ಯವಿವೆ. ದೊಡ್ಡ ಟಿವಿ ತರುವುದಾದರೆ ಸೆಟ್‌ಟಾಪ್ ಬಾಕ್ಸ್ ಎಚ್‌ಡಿ ಆಗಿರಬೇಕು, ಚಂದಾ ಪಟ್ಟಿಯಲ್ಲೂ ಎಚ್‌ಡಿ ವಾಹಿನಿಗಳಿರಬೇಕು, ಬಾಕ್ಸಿನಿಂದ ಟಿವಿಗೆ ಚಿತ್ರ, ಧ್ವನಿ ಎರಡನ್ನೂ ಒಟ್ಟಿಗೆ ಒಯ್ಯುವ ಎಚ್‌ಡಿಎಂಐ ತಂತಿ ಹೋಗಿರಬೇಕು. ಎಷ್ಟೋ ಮನೆಗಳಲ್ಲಿ ಎಚ್‌ಡಿ ಬಾಕ್ಸಿಗೆ ದುಡ್ಡು ಕೊಟ್ಟೂ ಹಳೆಯ ಕೆಂಪು-ಬಿಳಿ-ಹಳದಿ ಪಿನ್ನಿನ ತಂತಿಯನ್ನೇ ಮುಂದುವರಿಸಿರುತ್ತಾರೆ. ಆ ತಂತಿಯಲ್ಲಿ ಎಚ್‌ಡಿ ಚಿತ್ರ ಹಾಯುವುದೇ ಇಲ್ಲ. ಒಟಿಟಿಯಲ್ಲಿ 4ಕೆ ನೋಡುವವರಿಗೆ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ವೇಗದ ಇಂಟರ್ನೆಟ್ ಬೇಕು, ಚಂದಾ ಯೋಜನೆಯಲ್ಲೂ 4ಕೆ ಸೇರಿರಬೇಕು.

ಹಂತ 4: ಟಿವಿಯ ಬಗೆಯನ್ನು ಆರಿಸಿ

ಪೆಟ್ಟಿಗೆಯ ಮೇಲೆ ಹತ್ತಾರು ಹೆಸರುಗಳಿದ್ದರೂ ಇಂದು ಮಾರುಕಟ್ಟೆಯಲ್ಲಿರುವುದು ಮೂಲತಃ ಎರಡೇ ಜಾತಿ. ಒಂದರಲ್ಲಿ ಪರದೆಯ ಹಿಂದೆ ದೀಪಗಳಿರುತ್ತವೆ, ಮುಂದಿನ ಹಾಳೆ ಆ ಬೆಳಕನ್ನು ತಡೆದು ಬಿಟ್ಟು ಚಿತ್ರ ಮೂಡಿಸುತ್ತದೆ, ಇದು ಎಲ್‌ಸಿಡಿ. ಇನ್ನೊಂದರಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಹಿಂದೆ ದೀಪವೇ ಇಲ್ಲ, ಇದು ಓಎಲ್‌ಇಡಿ. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಂಬ ಮೂರೂ ಹೆಸರುಗಳು ಎಲ್‌ಸಿಡಿ ಜಾತಿಗೇ ಸೇರಿದವು. ಕ್ಯೂಎಲ್‌ಇಡಿ ಮತ್ತು ಓಎಲ್‌ಇಡಿ ಹೆಸರುಗಳು ಕೇಳಲು ಹತ್ತಿರವಾಗಿರುವುದರಿಂದ ಒಂದನ್ನು ಇನ್ನೊಂದೆಂದು ತಿಳಿದು ಕೊಂಡವರು ನನಗೆ ಗೊತ್ತಿದ್ದಾರೆ.

ಸಾಧಾರಣ ಎಲ್‌ಇಡಿ. ಇದರಲ್ಲಿ ಹಿಂಬೆಳಕಿನ ದೀಪಗಳು ಪರದೆಯ ಅಂಚಿನಲ್ಲೋ ಹಿಂಬದಿಯಲ್ಲೋ ಇದ್ದು, ಎಲ್ಲವೂ ಒಟ್ಟಿಗೇ ಉರಿಯುತ್ತವೆ. ರಾತ್ರಿಯ ದೃಶ್ಯ ಬಂದರೂ ಹಿಂದಿನ ದೀಪ ಆರುವುದಿಲ್ಲವಾದ್ದರಿಂದ ಕಪ್ಪು ಎಂಬುದು ಬೂದಿ ಬಣ್ಣವಾಗಿ ಕಾಣುತ್ತದೆ. ಬೆಲೆ ಕಡಿಮೆ, ಬಾಳಿಕೆಗೆ ಕೊರತೆಯಿಲ್ಲ. ವಾರ್ತೆ, ಧಾರಾವಾಹಿ, ಯೂಟ್ಯೂಬ್‌ಗಳಿಗಷ್ಟೇ ಟಿವಿ ಬೇಕೆನ್ನುವವರಿಗೆ ಇದು ಸಾಕು. ಹೆಚ್ಚು ಕೊಡಬೇಕಾದ ಅಗತ್ಯವೇನೂ ಇಲ್ಲ.

ಕ್ಯೂಎಲ್‌ಇಡಿ. ಇದೂ ಹಿಂಬೆಳಕಿನ ಟಿವಿಯೇ, ಆದರೆ ದೀಪಕ್ಕೂ ಪರದೆಗೂ ನಡುವೆ ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣಗಳ ಹಾಳೆ ಇರುತ್ತದೆ. ಕೆಲವೇ ನ್ಯಾನೊಮೀಟರ್ ಗಾತ್ರದ ಈ ಕಣಗಳು ನೀಲಿ ಬೆಳಕನ್ನು ಹೀರಿ, ತಮ್ಮ ಗಾತ್ರಕ್ಕೆ ತಕ್ಕಂತೆ ಶುದ್ಧವಾದ ಕೆಂಪನ್ನೋ ಹಸಿರನ್ನೋ ಹೊಮ್ಮಿಸುತ್ತವೆ. ಇವನ್ನು ಕಂಡುಹಿಡಿದು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು. ಇದರಿಂದ ಬಣ್ಣಗಳು ತುಂಬಿಕೊಂಡಂತೆ ಕಾಣುತ್ತವೆ ಎಂಬುದು ನಿಜ. ಆದರೆ ಕಪ್ಪಿನ ಸಮಸ್ಯೆಗೆ ಕ್ವಾಂಟಮ್ ಡಾಟ್ ಪರಿಹಾರವಲ್ಲ. ಹಿಂದಿನ ದೀಪಗಳು ಎಲ್ಲವೂ ಒಟ್ಟಿಗೆ ಉರಿಯುವಂಥವೇ ಆಗಿದ್ದರೆ ಕ್ಯೂಎಲ್‌ಇಡಿಯಲ್ಲೂ ರಾತ್ರಿ ಬೂದಿಯಾಗಿಯೇ ಇರುತ್ತದೆ. ಆದ್ದರಿಂದ “ಕ್ಯೂಎಲ್‌ಇಡಿ” ಎಂಬ ಅಕ್ಷರಗಳನ್ನು ಮಾತ್ರ ನೋಡಿ ಹೆಚ್ಚು ಹಣ ಕೊಡಬೇಡಿ. ಮಾರಾಟಗಾರರನ್ನು ಕೇಳಬೇಕಾದ ಪ್ರಶ್ನೆ ಇದು: “ಇದರಲ್ಲಿ ಲೋಕಲ್ ಡಿಮ್ಮಿಂಗ್ ಇದೆಯೇ, ಇದ್ದರೆ ಎಷ್ಟು ಜೋನ್?” ಹಿಂಬದಿಯ ದೀಪಗಳನ್ನು ಗುಂಪುಗಳಾಗಿ ವಿಂಗಡಿಸಿ, ಚಿತ್ರದ ಕತ್ತಲ ಭಾಗದ ಹಿಂದಿರುವ ಗುಂಪನ್ನು ಮಾತ್ರ ಮಂದಗೊಳಿಸುವ ಏರ್ಪಾಟೇ ಲೋಕಲ್ ಡಿಮ್ಮಿಂಗ್, ಆ ಒಂದೊಂದು ಗುಂಪೇ ಜೋನ್.

ಮಿನಿ ಎಲ್‌ಇಡಿ. ಹಿಂಬದಿಯಲ್ಲಿ ಸಾಸಿವೆ ಕಾಳಿಗಿಂತಲೂ ಸಣ್ಣ ದೀಪಗಳನ್ನು ಸಾವಿರಾರು ಸಂಖ್ಯೆಯಲ್ಲಿ ಹರಡಿ, ಅವನ್ನು ನೂರಾರು ಜೋನ್‌ಗಳಾಗಿ, ದುಬಾರಿ ಟಿವಿಗಳಲ್ಲಿ ಸಾವಿರಕ್ಕೂ ಮೀರಿದ ಜೋನ್‌ಗಳಾಗಿ ವಿಂಗಡಿಸಿರುತ್ತಾರೆ. ಹೊಳಪೂ ಹೆಚ್ಚು, ಕಪ್ಪೂ ಸಾಕಷ್ಟು ಆಳ. ಹಗಲು ಬೆಳಕಿರುವ ಹಾಲಿಗೆ ಇದಕ್ಕಿಂತ ಹೊಂದುವ ಬಗೆ ಸದ್ಯಕ್ಕೆ ಇಲ್ಲ. ಇದರ ಒಂದು ದೋಷವನ್ನು ತಿಳಿದಿರಿ: ಕಡುಗತ್ತಲಿನ ದೃಶ್ಯದಲ್ಲಿ ಹಣತೆಯೋ ಬಿಳಿಯ ಅಡಿಬರಹವೋ ಬಂದರೆ, ಚುಕ್ಕಿಗಿಂತ ಜೋನ್ ದೊಡ್ಡದಾದ್ದರಿಂದ, ಬೆಳಕು ಸುತ್ತಲಿನ ಕಪ್ಪಿಗೂ ಹರಡಿ ದೇವರ ಮೂರ್ತಿಯ ಹಿಂದಿನ ಪ್ರಭಾವಳಿಯಂತೆ ಕಾಣುತ್ತದೆ. ಇದನ್ನು ಬ್ಲೂಮಿಂಗ್ ಎನ್ನುತ್ತಾರೆ. ಜೋನ್ ಹೆಚ್ಚಿದಷ್ಟೂ, ಅವನ್ನು ನಿಯಂತ್ರಿಸುವ ಪ್ರೊಸೆಸರ್ ಚುರುಕಾದಷ್ಟೂ ಇದು ಕಡಿಮೆಯಾಗುತ್ತದೆ. ಹೆಸರಿಗೆ ಮಿನಿ ಎಲ್‌ಇಡಿ ಎಂದಿದ್ದು, ಜೋನ್‌ಗಳು ಬೆರಳೆಣಿಕೆಯಷ್ಟೇ ಇರುವ ಅಗ್ಗದ ಮಾದರಿಗಳೂ ಇವೆ. ಸಂಖ್ಯೆ ಹೇಳಲು ಹಿಂಜರಿಯುವ ಮಾದರಿಯನ್ನು ಬಿಟ್ಟುಬಿಡಿ.

ಎಲ್‌ಸಿಡಿ ಜಾತಿಯ ಈ ಮೂರಕ್ಕೂ ಅನ್ವಯಿಸುವ ಇನ್ನೊಂದು ಮಾತು ಪರದೆಯ ಹಾಳೆಯ ಕುರಿತಾದದ್ದು. ಅದರಲ್ಲಿ ವಿಎ ಮತ್ತು ಐಪಿಎಸ್ ಎಂದು ಎರಡು ಬಗೆ. ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಅಂತರವನ್ನು ಕಾಂಟ್ರಾಸ್ಟ್ ಎನ್ನುತ್ತಾರೆ. ಐಪಿಎಸ್‌ನಲ್ಲಿ ಅದು ಸುಮಾರು ಸಾವಿರ ಪಟ್ಟು ಇದ್ದರೆ ವಿಎಯಲ್ಲಿ ಮೂರು ಸಾವಿರ ಪಟ್ಟು ಮತ್ತು ಅದಕ್ಕೂ ಮೇಲೆ. ಹಾಗಾಗಿ ಎದುರಿಗೆ ಕೂತು ನೋಡುವವರಿಗೆ ವಿಎ ಒಳ್ಳೆಯದು. ಓರೆಯಿಂದ ನೋಡುವಾಗ ಮಾತ್ರ ಐಪಿಎಸ್‌ನಲ್ಲಿ ಬಣ್ಣ ಕೆಡುವುದು ಕಡಿಮೆ. ಎರಡನೆಯ ಹಂತದಲ್ಲಿ ಅಜ್ಜಿಯ ದಿವಾನವನ್ನು ಗುರುತು ಮಾಡಿಕೊಳ್ಳಲು ಹೇಳಿದ್ದು ಇದಕ್ಕಾಗಿ.

ಓಎಲ್‌ಇಡಿ. 55 ಇಂಚಿನ ಓಎಲ್‌ಇಡಿ ಟಿವಿಗಳು 2013ರಲ್ಲಿ ಮಾರುಕಟ್ಟೆಗೆ ಬಂದವು; ಅಂದಿನಿಂದ ಇಂದಿನವರೆಗೂ ಕತ್ತಲ ಕೋಣೆಯಲ್ಲಿ ಚಿತ್ರದ ಗುಣಕ್ಕೆ ಇದನ್ನು ಮೀರಿಸಿದ್ದು ಮನೆಬಳಕೆಯ ಬೆಲೆಯಲ್ಲಿ ಇಲ್ಲ. ಕಪ್ಪು ಬೇಕಾದ ಕಡೆ ಚುಕ್ಕಿ ಪೂರ್ತಿ ಆರಿಯೇ ಬಿಡುವುದರಿಂದ ಅಲ್ಲಿ ಬೆಳಕೇ ಇರುವುದಿಲ್ಲ, ಪ್ರಭಾವಳಿಯ ಪ್ರಶ್ನೆಯೂ ಇಲ್ಲ. ಯಾವ ಪಕ್ಕದಿಂದ ನೋಡಿದರೂ ಬಣ್ಣ ಬಹುಮಟ್ಟಿಗೆ ಒಂದೇ. ಇದರಲ್ಲಿ ಬಿಳಿ ಬೆಳಕಿನ ಚುಕ್ಕಿಗೆ ಬಣ್ಣದ ಸೋಸುಗ ಹಾಕಿದ ಡಬ್ಲ್ಯೂ-ಓಎಲ್‌ಇಡಿ ಮತ್ತು ನೀಲಿ ಬೆಳಕಿಗೆ ಕ್ವಾಂಟಮ್ ಡಾಟ್ ಸೇರಿಸಿದ ಕ್ಯೂಡಿ-ಓಎಲ್‌ಇಡಿ ಎಂದು ಎರಡು ಬಗೆಗಳಿವೆ. ಎರಡನೆಯದರ ಬಣ್ಣ ಹೆಚ್ಚು ಗಾಢ. ಆದರೆ ಕೋಣೆಯಲ್ಲಿ ಬೆಳಕಿದ್ದಾಗ ಅದರ ಕಪ್ಪು ತುಸು ನೇರಳೆ ಬೂದಿಗೆ ತಿರುಗುತ್ತದೆ.

ಇಲ್ಲಿ ನೀವು ನಿಂತು ಯೋಚಿಸಬೇಕಾದ ವಿಷಯವೊಂದಿದೆ. ಓಎಲ್‌ಇಡಿಯ ಪ್ರತಿ ಚುಕ್ಕಿಯೂ ಉರಿದಷ್ಟು ಹೊತ್ತು ತುಸು ತುಸುವೇ ಸವೆಯುತ್ತದೆ. ಒಂದೇ ಜಾಗದಲ್ಲಿ ಒಂದೇ ಆಕೃತಿ ತಿಂಗಳುಗಟ್ಟಲೆ, ದಿನವೂ ಗಂಟೆಗಟ್ಟಲೆ ಉರಿದರೆ ಆ ಭಾಗ ಹೆಚ್ಚು ಸವೆದು, ಬೇರೆ ಚಿತ್ರ ಬಂದಾಗಲೂ ಆ ಆಕೃತಿಯ ನೆರಳು ಉಳಿದುಬಿಡುತ್ತದೆ. ಇದಕ್ಕೆ ಬರ್ನ್-ಇನ್ ಎಂದು ಹೆಸರು. ನಮ್ಮ ವಾರ್ತಾವಾಹಿನಿಗಳ ಪರದೆಯನ್ನು ಒಮ್ಮೆ ನೆನಪಿಸಿಕೊಳ್ಳಿ: ಮೂಲೆಯಲ್ಲಿ ಅಲುಗಾಡದ ಲಾಂಛನ, ಕೆಳಗೆ ಉರಿಗೆಂಪಿನ ಬ್ರೇಕಿಂಗ್ ಪಟ್ಟಿ, ಅದರಡಿಯಲ್ಲಿ ಓಡುವ ಸುದ್ದಿಸಾಲು, ಪಕ್ಕದಲ್ಲಿ ಜಾಹೀರಾತಿನ ಚೌಕಟ್ಟು. ದಿನಕ್ಕೆ ನಾಲ್ಕೈದು ಗಂಟೆ ಒಂದೇ ವಾರ್ತಾವಾಹಿನಿ ಓಡುವ ಮನೆಗೆ ಓಎಲ್‌ಇಡಿಯನ್ನು ನಾನು ಸಲಹೆ ಮಾಡುವುದಿಲ್ಲ. ಬಗೆಬಗೆಯ ಕಾರ್ಯಕ್ರಮ, ಸಿನಿಮಾ ನೋಡುವ ಮನೆಯಲ್ಲಿ ಇದರ ಭಯ ಅಷ್ಟಾಗಿ ಬೇಕಿಲ್ಲ. ಟಿವಿಗಳೇ ಚಿತ್ರವನ್ನು ಕಣ್ಣಿಗೆ ಕಾಣದಷ್ಟು ಆಚೀಚೆ ಸರಿಸುವುದು, ಲಾಂಛನವನ್ನು ಮಂದಗೊಳಿಸುವುದು ಮುಂತಾದ ಉಪಾಯಗಳನ್ನು ಮಾಡುತ್ತವೆ.

ಆ ಉಪಾಯಗಳಲ್ಲಿ ಒಂದು ನಮ್ಮ ಮನೆಗಳ ಅಭ್ಯಾಸಕ್ಕೆ ನೇರವಾಗಿ ಅಡ್ಡ ಬರುತ್ತದೆ. ಕೆಲವು ಗಂಟೆ ನೋಡಿದ ಮೇಲೆ ರಿಮೋಟಿನಲ್ಲಿ ಆರಿಸಿದಾಗ ಓಎಲ್‌ಇಡಿ ಟಿವಿ ತನ್ನ ಚುಕ್ಕಿಗಳನ್ನು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ. ಮಲಗುವ ಮುನ್ನ ಗೋಡೆಯ ಸ್ವಿಚ್ಚನ್ನೂ ಆರಿಸುವುದು ನಮ್ಮಲ್ಲಿ ರೂಢಿ. ದಿನವೂ ಹಾಗೆ ಮಾಡಿದರೆ ಈ ದುರಸ್ತಿ ನಡೆಯುವುದೇ ಇಲ್ಲ. ಓಎಲ್‌ಇಡಿ ತಂದವರು ರಿಮೋಟಿನಲ್ಲಿ ಆರಿಸಿ, ಸ್ವಲ್ಪ ಹೊತ್ತು ವಿದ್ಯುತ್ ಇರಗೊಡಬೇಕು. ಬರ್ನ್-ಇನ್‌ಗೆ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನ ಲಿಖಿತವಾಗಿ ನೋಡಿಕೊಳ್ಳಿ. ಬಹಳಷ್ಟು ಸಲ ಇರುವುದಿಲ್ಲ.

ಇಷ್ಟನ್ನೂ ಕೂಡಿಸಿ ಹೇಳುವುದಾದರೆ ನನ್ನ ಸಲಹೆ ಹೀಗಿದೆ. ಬೆಳಕಿರುವ ಹಾಲು, ದಿನವಿಡೀ ವಾರ್ತೆ-ಧಾರಾವಾಹಿ, ಸಂಜೆ ಕ್ರಿಕೆಟ್, ಆಗೊಮ್ಮೆ ಈಗೊಮ್ಮೆ ಸಿನಿಮಾ ಎಂದಾದರೆ ಮಿನಿ ಎಲ್‌ಇಡಿ. ಹಣ ಅಷ್ಟಿಲ್ಲದಿದ್ದರೆ ವಿಎ ಹಾಳೆಯ ಕ್ಯೂಎಲ್‌ಇಡಿ. ಪ್ರತ್ಯೇಕ ಕೋಣೆ, ಕಿಟಕಿಗೆ ದಪ್ಪ ಪರದೆ, ರಾತ್ರಿಯ ಸಿನಿಮಾ, ಮೂಲೆಗಳಲ್ಲೂ ಕೂರುವ ಜನ ಎಂದಾದರೆ ಓಎಲ್‌ಇಡಿ. 43 ಇಂಚಿನ ಎರಡನೆಯ ಟಿವಿ ಮಲಗುವ ಕೋಣೆಗೆ ಬೇಕಿದ್ದರೆ ಸಾಧಾರಣ ಎಲ್‌ಇಡಿ. ಪ್ರೊಜೆಕ್ಟರ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಕೋಣೆಯನ್ನು ಪೂರ್ತಿ ಕತ್ತಲು ಮಾಡಲಾಗದವರಿಗೆ ಅದು ಟಿವಿಯ ಬದಲಿಯಾಗಲಾರದು. 8ಕೆ ಟಿವಿಯೂ ಸದ್ಯಕ್ಕೆ ಬೇಡ, ಅದಕ್ಕೆ ತಕ್ಕ ಚಿತ್ರಗಳೇ ನಮಗೆ ಸಿಗುವುದಿಲ್ಲ.

ಹಂತ 5: ವಿವರಪಟ್ಟಿಯಲ್ಲಿ ನಾಲ್ಕು ಸಾಲು ಓದಿ

ಮೊದಲನೆಯದು ಹೊಳಪು. ಇದನ್ನು ನಿಟ್ಸ್ ಎಂಬ ಮಾನದಲ್ಲಿ ಹೇಳುತ್ತಾರೆ. ಎಚ್‌ಡಿಆರ್ ಎಂದರೆ ಸೂರ್ಯನ ಹೊಳಪನ್ನೂ ನೆರಳಿನ ವಿವರವನ್ನೂ ಒಟ್ಟಿಗೆ ತೋರಿಸುವ ಚಿತ್ರಕ್ರಮ. ಅದನ್ನು ಸಾಮಾನ್ಯವಾಗಿ 1000 ನಿಟ್ಸ್ ಅಥವಾ ಹೆಚ್ಚಿನ ಹೊಳಪಿಗೆ ಹೊಂದಿಸಿ ಸಿದ್ಧಪಡಿಸುತ್ತಾರೆ. 250-300 ನಿಟ್ಸ್ ಟಿವಿಯ ಮೇಲೂ ಎಚ್‌ಡಿಆರ್ ಎಂಬ ಗುರುತು ಇರಬಹುದು. ಆ ಟಿವಿ ಎಚ್‌ಡಿಆರ್ ಚಿತ್ರವನ್ನು ಸ್ವೀಕರಿಸುತ್ತದೆಯೇ ಹೊರತು ಅದನ್ನು ತೋರಿಸುವ ಶಕ್ತಿ ಅದಕ್ಕಿರುವುದಿಲ್ಲ. ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್ ಎಂಬವು ಇದರ ಬೇರೆ ಬೇರೆ ರೂಪಗಳು.

ಎರಡನೆಯದು ರಿಫ್ರೆಶ್ ದರ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಬಾರಿ ಹೊಸ ಚಿತ್ರ ತೋರಿಸಬಲ್ಲದು ಎಂಬುದು. 60 ಹರ್ಟ್ಸ್ ಪರದೆಗೂ ಜಾಹೀರಾತಿನಲ್ಲಿ “ಮೋಷನ್ 120”, “ಮೋಷನ್ 240” ಎಂಬ ಹೆಸರು ಕೊಡುವುದುಂಟು; ನೀವು ಕೇಳಬೇಕಾದದ್ದು ಪರದೆಯ ಸ್ವಂತ ದರ. ಕ್ರಿಕೆಟ್ ಹೆಚ್ಚು ನೋಡುವವರಿಗೆ, ಗೇಮ್ ಆಡುವ ಮಕ್ಕಳಿರುವ ಮನೆಗೆ 120 ಹರ್ಟ್ಸ್ ಉಪಯುಕ್ತ, ಧಾರಾವಾಹಿಗೆ ಬೇಕಿಲ್ಲ.

ಮೂರನೆಯದು ಎಚ್‌ಡಿಎಂಐ ಕಿಂಡಿಗಳು. ಸೆಟ್‌ಟಾಪ್ ಬಾಕ್ಸಿಗೆ ಒಂದು, ಸೌಂಡ್‌ಬಾರಿಗೆ (ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್) ಒಂದು, ಉಳಿದದ್ದಕ್ಕೆ ಒಂದು ಎಂದು ಕನಿಷ್ಠ ಮೂರಿರಲಿ. ಸೌಂಡ್‌ಬಾರ್ ಜೋಡಿಸುವ ಕಿಂಡಿಯ ಪಕ್ಕ ಇ-ಆರ್ಕ್ ಎಂದು ಬರೆದಿರಬೇಕು. ಟಿವಿಯ ಧ್ವನಿ ಪೂರ್ಣ ಗುಣಮಟ್ಟದಲ್ಲಿ ಹೊರಹೋಗುವ ದಾರಿ ಅದು. ಟಿವಿ ತೆಳುವಾದಷ್ಟೂ ಅದರೊಳಗಿನ ಸ್ಪೀಕರ್ ಚಿಕ್ಕದಾಗುವುದರಿಂದ, ಕಿವಿ ಮಂದವಾಗಿರುವ ಹಿರಿಯರಿಗೆ ಮಾತು ಸ್ಪಷ್ಟವಾಗಿ ಕೇಳಬೇಕಿದ್ದರೆ ಸೌಂಡ್‌ಬಾರಿಗೆ ಮೊದಲೇ ಹಣ ತೆಗೆದಿಡಿ.

ನಾಲ್ಕನೆಯದು ವಿದ್ಯುತ್ ಉಳಿತಾಯವನ್ನು ಸೂಚಿಸುವ ಬಿಇಇ ನಕ್ಷತ್ರದ ಚೀಟಿ, ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. 120 ವ್ಯಾಟ್ ಎಳೆಯುವ ಟಿವಿ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಸೌಲಭ್ಯ ಪಡೆಯುತ್ತಿರುವ ಮನೆಗಳು, ಅದರಲ್ಲೂ 200 ಯೂನಿಟ್ಟಿನ ಅಂಚಿನಲ್ಲಿರುವವರು, ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳಿತು. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಗೂಗಲ್ ಟಿವಿ, ವೆಬ್‌ಓಎಸ್, ಟೈಜೆನ್ ಯಾವುದಾದರೂ ಸರಿ. ನಾಲ್ಕು ವರ್ಷದಲ್ಲಿ ಅದು ನಿಧಾನವಾದರೆ ಕಡಿಮೆ ಬೆಲೆಗೆ ಸಿಗುವ ಸ್ಟ್ರೀಮಿಂಗ್ ಸ್ಟಿಕ್ (ಒಟಿಟಿಯನ್ನು ಟಿವಿಯಲ್ಲಿ ತೋರಿಸುವ ಪುಟ್ಟ ಸಾಧನ) ಸಿಕ್ಕಿಸಿದರಾಯಿತು. ಪರದೆಯನ್ನು ಹಾಗೆ ಬದಲಿಸಲಾಗದು.

ಹಂತ 6: ಅಂಗಡಿಯಲ್ಲಿ ಪರೀಕ್ಷಿಸಿ

ಅಂಗಡಿಯ ಬೆಳಕು ಮನೆಯ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಅಲ್ಲಿ ಟಿವಿಗಳನ್ನು ವಿವಿಡ್ ಎಂಬ ಕಣ್ಣು ಕೋರೈಸುವ ಕ್ರಮದಲ್ಲಿ ಇಟ್ಟು, ಗಿಳಿ, ಹೂವು, ಹಣ್ಣುಗಳ ವಿಶೇಷ ಚಿತ್ರ ಹಾಕಿರುತ್ತಾರೆ. ಆ ಚಿತ್ರದಲ್ಲಿ ಯಾವ ಟಿವಿಯೂ ಚೆನ್ನಾಗಿಯೇ ಕಾಣುತ್ತದೆ. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಎಂಬ ಕ್ರಮಕ್ಕೆ ಬದಲಿಸಲು ಕೇಳಿ. ಬಳಿಕ ನಿಮ್ಮ ಪೆನ್‌ಡ್ರೈವ್ ಕೊಡಿ. ಅದರಲ್ಲಿ ಮೂರು ತುಣುಕುಗಳಿರಲಿ: ಮನೆಯವರ ಮುಖಗಳಿರುವ, ಹಗಲಿನಲ್ಲಿ ಮೊಬೈಲಿನಲ್ಲಿ ತೆಗೆದ ವಿಡಿಯೊ (ಪರಿಚಯದ ಮುಖದ ಬಣ್ಣ ಕೆಟ್ಟರೆ ಕಣ್ಣಿಗೆ ಕೂಡಲೇ ತಿಳಿಯುತ್ತದೆ), ದೀಪಾವಳಿಯ ರಾತ್ರಿ ಹಣತೆಗಳನ್ನು ತೆಗೆದ ವಿಡಿಯೊ, ಮತ್ತು ಓಡುವ ಬಸ್ಸಿನದೋ ಆಟದ್ದೋ ಒಂದು ತುಣುಕು. ಎರಡನೆಯದರಲ್ಲಿ ಜ್ವಾಲೆಯ ಸುತ್ತ ಬೂದು ಮಂಜು ಎಷ್ಟಿದೆ ನೋಡಿ. ಮೂರನೆಯದರಲ್ಲಿ ಬಸ್ಸಿನ ಬೋರ್ಡಿನ ಅಕ್ಷರ ಎಳೆದಂತಾಗುತ್ತದೆಯೇ ನೋಡಿ. ಕೊನೆಯಲ್ಲಿ ನಿಮ್ಮ ಮನೆಯ ದಿವಾನ ಇರುವಷ್ಟೇ ಓರೆಗೆ ಸರಿದು ನಿಂತು ಮುಖದ ಬಣ್ಣವನ್ನು ಇನ್ನೊಮ್ಮೆ ನೋಡಿ. ಸಾಧ್ಯವಾದರೆ ಅಂಗಡಿಯ ಸೆಟ್‌ಟಾಪ್ ಬಾಕ್ಸಿನಲ್ಲಿ ಒಂದು ಎಸ್‌ಡಿ ವಾಹಿನಿಯನ್ನೂ ಹಾಕಿಸಿ.

ಹಂತ 7: ಬೆಲೆ, ವಾರಂಟಿ, ವಿನಿಮಯ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ಬೆಲೆಗಳೊಂದಿಗೆ ಹೋಲಿಸಿ “ಭಾರಿ ರಿಯಾಯಿತಿ” ಎಂದು ನಂಬುವ ಮುನ್ನ ಇದನ್ನು ನೆನಪಿಡಿ. ಪೆಟ್ಟಿಗೆಯ ಮೇಲಿನ ಎಂಆರ್‌ಪಿಗೂ ನಿಜವಾದ ಮಾರಾಟ ಬೆಲೆಗೂ ಸಂಬಂಧ ಕಡಿಮೆ, ಆದ್ದರಿಂದ ಎರಡು ಮೂರು ಕಡೆಯ ಮಾರಾಟ ಬೆಲೆಗಳನ್ನೇ ಒಂದಕ್ಕೊಂದು ಹೋಲಿಸಿ. ಬಡ್ಡಿಯಿಲ್ಲದ ಕಂತು ಎಂದಾಗ, ಒಂದೇ ಸಲಕ್ಕೆ ಕೊಟ್ಟರೆ ಎಷ್ಟು ಎಂದೂ ಕೇಳಿ. ಎರಡರ ನಡುವಿನ ವ್ಯತ್ಯಾಸವೇ ನಿಮ್ಮ ಬಡ್ಡಿ.

ದೊಡ್ಡ ಟಿವಿಯಲ್ಲಿ ಪರದೆ ಒಡೆದರೆ ಅದನ್ನು ಬದಲಿಸುವ ವೆಚ್ಚ ಹೊಸ ಟಿವಿಯ ಬೆಲೆಯ ಹತ್ತಿರಕ್ಕೇ ಬರುತ್ತದೆ. ಹಾಗಾಗಿ ವಾರಂಟಿ ಎಷ್ಟು ವರ್ಷ ಎಂಬುದರ ಜೊತೆಗೆ ಪರದೆಗೆ ಎಷ್ಟು ವರ್ಷ ಎಂದು ಬೇರೆಯಾಗಿ ಕೇಳಿ. ನಿಮ್ಮ ಊರಿಗೆ ಆ ಕಂಪನಿಯ ಸೇವಾಕೇಂದ್ರದವರು ಮನೆಗೇ ಬರುತ್ತಾರೆಯೇ ಎಂಬುದನ್ನು ಅಂಗಡಿಯವರ ಮಾತಿನಿಂದ ತಿಳಿಯದೆ, ಸೇವಾಕೇಂದ್ರಕ್ಕೇ ಕರೆ ಮಾಡಿ ಪಿನ್‌ಕೋಡ್ ಹೇಳಿ ಖಚಿತಪಡಿಸಿಕೊಳ್ಳಿ. ಬೆಂಗಳೂರಿನಲ್ಲಿ ಇದು ಸಮಸ್ಯೆಯಲ್ಲ. ತಾಲ್ಲೂಕು ಕೇಂದ್ರದಿಂದ ಇಪ್ಪತ್ತು ಕಿಲೋಮೀಟರ್ ಒಳಗಿನ ಹಳ್ಳಿಗೆ ದೊಡ್ಡ ಸಮಸ್ಯೆ. ಹಳೆಯ ಟಿವಿಯನ್ನು ವಿನಿಮಯಕ್ಕೆ ಕೊಡಿ, ಇಲ್ಲವೇ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸಿ, ಗುಜರಿಗೆ ಹಾಕಬೇಡಿ.

ಹಂತ 8: ಮನೆಗೆ ಬಂದ ದಿನ

ಪೆಟ್ಟಿಗೆಯನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ಪರದೆ ತನ್ನ ಭಾರಕ್ಕೆ ತಾನೇ ಬಾಗಿ ಬಿರುಕು ಬಿಡಬಹುದು. ಫ್ಲ್ಯಾಟಿನವರು ಲಿಫ್ಟಿನ ಬಾಗಿಲನ್ನು ಮೊದಲೇ ಅಳೆದಿಡಿ. ಕಂಪನಿಯ ತಂತ್ರಜ್ಞ ಬರುವ ಮುನ್ನ ಪೆಟ್ಟಿಗೆ ತೆರೆಯಬೇಡಿ. ತೆರೆಯುವಾಗ ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿ, ಪರದೆ ಹೊತ್ತಿಸಿ ಬಿಳಿ, ಕಪ್ಪು, ಕೆಂಪು ಚಿತ್ರಗಳನ್ನು ಒಂದೊಂದಾಗಿ ಹಾಕಿ ಗೆರೆ, ಸತ್ತ ಚುಕ್ಕಿ, ಬಿರುಕು ಇವೆಯೇ ನೋಡಿ, ಆ ಮೇಲೆ ಸಹಿ ಹಾಕಿ. ಒಡೆದದ್ದು ಸಾಗಣೆಯಲ್ಲೋ ಮನೆಯಲ್ಲೋ ಎಂಬ ತಕರಾರು ಬಂದರೆ ಆ ವಿಡಿಯೊ ಒಂದೇ ನಿಮ್ಮ ಆಧಾರ. ಮಾರಾಟಗಾರರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಗೋಡೆಗೆ ಹಾಕುವುದಾದರೆ ಗೋಡೆ ಯಾವುದರದು ಎಂದು ತಂತ್ರಜ್ಞನಿಗೆ ಹೇಳಿ. ಇಟ್ಟಿಗೆ ಮತ್ತು ಗಟ್ಟಿ ಕಾಂಕ್ರೀಟ್ ಗೋಡೆಗೆ ಸಾಮಾನ್ಯ ಬೋಲ್ಟು ಸಾಕು. ಟೊಳ್ಳು ಬ್ಲಾಕ್, ಮಣ್ಣಿನ ಗೋಡೆ, ಕರಾವಳಿಯ ಕೆಂಪುಕಲ್ಲಿನ ಗೋಡೆಗಳಲ್ಲಿ ಅದು ಸಡಿಲವಾಗುವ ಸಾಧ್ಯತೆಯಿದ್ದು, ಉದ್ದನೆಯ ಬೋಲ್ಟು ಅಥವಾ ಹಿಂದೊಂದು ಮರದ ಹಲಗೆ ಬೇಕಾಗಬಹುದು. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು ಮೂರೂವರೆ ಅಡಿಗೆ ಬರಲಿ. ಕ್ಯಾಲೆಂಡರ್ ನೇತುಹಾಕುವ ಎತ್ತರಕ್ಕೆ ಟಿವಿ ಹಾಕಿಸಿ ಆಮೇಲೆ ಕತ್ತು ನೋವೆನ್ನುವವರು ಬಹಳ. ಮಗು ಎಳೆಯಬಹುದಾದ ತಂತಿಗಳನ್ನು ಕೆಳಗೆ ಜೋತು ಬಿಡಬೇಡಿ.

ವಿದ್ಯುತ್ತಿನ ವಿಚಾರದಲ್ಲಿ, ಹೊಸ ಟಿವಿಗಳಲ್ಲಿ ಹೆಚ್ಚಿನವು 100ರಿಂದ 240 ವೋಲ್ಟ್‌ವರೆಗೆ ತಾಳಿಕೊಳ್ಳುತ್ತವೆ. ಹಿಂಬದಿಯ ಚೀಟಿಯಲ್ಲಿ ಹಾಗೆ ಬರೆದಿದ್ದರೆ ವೋಲ್ಟೇಜ್ ಇಳಿತಕ್ಕೆಂದು ಸ್ಟೆಬಿಲೈಜರ್ ಬೇಕಿಲ್ಲ, ಸರಿಯಾದ ಅರ್ಥಿಂಗ್ ಇರುವ ಸಾಕೆಟ್ ಮತ್ತು ವೋಲ್ಟೇಜ್ ಏಕಾಏಕಿ ಏರಿದಾಗ ಕಾಪಾಡುವ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಸಾಕು. ಸಿಡಿಲಿನ ಮುಂದೆ ಇವೆರಡೂ ನಿಲ್ಲುವುದಿಲ್ಲ. ಮಲೆನಾಡು, ಕರಾವಳಿಗಳಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೂ ಮಳೆಗಾಲದ ಕೊನೆಯ ಗುಡುಗಿಗೂ ಪ್ರತಿವರ್ಷ ಎಷ್ಟೋ ಟಿವಿಗಳು ಸುಡುತ್ತವೆ, ಅದಕ್ಕೆ ವಾರಂಟಿಯೂ ಇರುವುದಿಲ್ಲ. ಮೋಡ ಕಟ್ಟುತ್ತಿದ್ದಂತೆಯೇ ಪ್ಲಗ್ ಕಿತ್ತಿಡಿ. ಅದರ ಜೊತೆಗೆ ಡಿಶ್ಶಿನಿಂದ ಬರುವ ತಂತಿಯನ್ನು ಸೆಟ್‌ಟಾಪ್ ಬಾಕ್ಸಿನಿಂದಲೂ, ಇಂಟರ್ನೆಟ್ ತಂತಿಯನ್ನು ಟಿವಿಯಿಂದಲೂ ಬಿಚ್ಚಿಡಿ. ಪ್ಲಗ್ ಕಿತ್ತ ಮನೆಗಳಲ್ಲೂ ಟಿವಿ ಸುಡುವುದು ಈ ತಂತಿಗಳ ದಾರಿಯಿಂದಲೇ. ಪೆಟ್ಟಿಗೆಯನ್ನೂ ಅದರೊಳಗಿನ ಥರ್ಮೊಕೋಲನ್ನೂ ಕನಿಷ್ಠ ಬದಲಾವಣೆಯ ಅವಧಿ ಮುಗಿಯುವವರೆಗೆ ಅಟ್ಟದ ಮೇಲೆ ಇಟ್ಟಿರಿ.